ಬಿಸಿಲು ಹೇರಳ, ಹಸಿ ಅಳತೆಯದು: ವಿಜಯಪುರದ ಎರೆಹೊಲಕ್ಕೆ ಹಿಂಗಾರಿ ಜೋಳವೋ, ಕಡಲೆಯೋ, ಕುಸುಬೆಯೋ?

ಉತ್ತರಿ ಮಳೆ ಮುಗಿದು ಹಸ್ತಿ ಕೂಡುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ವಿಜಯಪುರ ಜಿಲ್ಲೆಯ ಒಣಬೇಸಾಯದ ಮನೆಗಳಲ್ಲಿ ಒಂದೇ ಮಾತು ನಡೆಯುತ್ತಿರುತ್ತದೆ. ಎರೆಗೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ಈ ಸಲ ಬಿಳಿಜೋಳ ಬಿತ್ತುವುದೋ, ಕಡಲೆ ಬಿತ್ತುವುದೋ, ಕುಸುಬೆಗೂ ಒಂದಿಷ್ಟು ಹೊಲ ಬಿಡುವುದೋ ಎಂಬ ಆ ಮಾತಿನಲ್ಲಿ ಪೇಟೆಯ ದರ ಬರುತ್ತದೆ, ಆಳಿನ ಕೂಲಿ ಬರುತ್ತದೆ, ದನದ ಮೇವು ಬರುತ್ತದೆ. ಆದರೆ ಈ ಮೂರು ಬೆಳೆಗಳು ಬಿಸಿಲನ್ನು ಹಿಡಿಯುವ ರೀತಿ ಬೇರೆ ಬೇರೆಯೆಂಬುದೂ, ಹಾಗಾಗಿ ಬರಕ್ಕೆ ಅವು ಸೋಲುವ ರೀತಿಯೂ ಬೇರೆ ಬೇರೆಯೆಂಬುದೂ ಆ ಮಾತಿನಲ್ಲಿ ಬರುವುದು ಕಡಿಮೆ. ಹೊಲದ ಆಯ್ಕೆಯಲ್ಲಿ ಇದೇ ಮೊದಲು ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ, ಮೂರನ್ನೂ ಈ ಒಂದು ದೃಷ್ಟಿಯಿಂದ ಪಕ್ಕಪಕ್ಕದಲ್ಲಿಟ್ಟು ನೋಡಲು ಇಲ್ಲಿ ಪ್ರಯತ್ನಿಸಿದ್ದೇನೆ.

ಬರ ಮೊದಲು ಕೈ ಹಾಕುವುದು ಎಲೆಯ ಹರವಿಗೆ

ನಮ್ಮ ಭಾಗದಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಹಿಂಗಾರಿಯ ತಿಂಗಳುಗಳಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸುಮಾರು 18 ಮೆಗಾಜೂಲ್ ಸೌರಶಕ್ತಿ ಬೀಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಎಲೆಯ ಹಸಿರು ಬಳಸಿಕೊಳ್ಳಬಲ್ಲ ಬೆಳಕು. ಬೆಳೆ ಎಷ್ಟು ಬೆಳಕನ್ನು ತಡೆದು ಹಿಡಿಯುತ್ತದೆಯೋ ಅದಕ್ಕೆ ತಕ್ಕಂತೆ ಅದರ ಒಣತೂಕ ಏರುತ್ತದೆ ಎಂಬುದನ್ನು ಜಾನ್ ಮಾಂಟೀತ್ ಎಂಬ ವಿಜ್ಞಾನಿ 1977ರಲ್ಲಿ ಬ್ರಿಟನ್ನಿನ ಬೆಳೆಗಳ ಲೆಕ್ಕದಿಂದ ತೋರಿಸಿದರು. ನೀರು, ಗೊಬ್ಬರ, ಆರೋಗ್ಯ ಮೂರೂ ಸರಿಯಿದ್ದ ಆ ಬೆಳೆಗಳು ಹಿಡಿದ ಒಟ್ಟು ಸೌರಶಕ್ತಿಯ ಪ್ರತಿ ಮೆಗಾಜೂಲ್‌ಗೆ ಸುಮಾರು 1.4 ಗ್ರಾಂ ಒಣತೂಕ ಕಟ್ಟುತ್ತಿದ್ದವು. ಇದೇ ಮಾಂಟೀತ್ ಮುಂದೆ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಗೆ ಬಂದು ಒಣಭೂಮಿಯ ಬೆಳೆಗಳ ಮೇಲೂ ಕೆಲಸ ಮಾಡಿದರು. ಅವರ ಲೆಕ್ಕವನ್ನು ನಮ್ಮ ಹೊಲಕ್ಕೆ ತಂದರೆ ಇಳುವರಿ ನಾಲ್ಕು ಸಂಗತಿಗಳ ಗುಣಾಕಾರವಾಗುತ್ತದೆ: ಬಿದ್ದ ಬಿಸಿಲು, ಅದರಲ್ಲಿ ಬೆಳೆ ಹಿಡಿದ ಪಾಲು, ಹಿಡಿದದ್ದು ತೂಕವಾಗಿ ಬದಲಾಗುವ ಪ್ರಮಾಣ, ಆ ತೂಕದಲ್ಲಿ ಕಾಳಿಗೆ ಹೋಗುವ ಪಾಲು. ಮೊದಲನೆಯದಕ್ಕೆ ಬರ ಏನೂ ಮಾಡಲಾರದು. ಉಳಿದ ಮೂರನ್ನೂ ಅದು ಕೆಡಿಸುತ್ತದೆ, ಆದರೆ ಏಕಕಾಲಕ್ಕೆ ಅಲ್ಲ.

ಮೊದಲು ಕೆಡುವುದು ಎಲೆಯ ಹರವು. ಎಲೆಯ ಜೀವಕೋಶ ದೊಡ್ಡದಾಗುವುದು ಒಳಗಿನ ನೀರಿನ ಒತ್ತಡದಿಂದ. ಬೇರಿಗೆ ನೀರು ಸ್ವಲ್ಪ ಬಿಗಿಯಾದೊಡನೆ ಆ ಒತ್ತಡ ತಗ್ಗಿ ಹೊಸ ಎಲೆ ಅಗಲವಾಗುವುದು ನಿಲ್ಲುತ್ತದೆ. ಈ ಹಂತದಲ್ಲಿ ಎಲೆಯ ಸಣ್ಣ ಗಾಳಿಕಂಡಿಗಳಾದ ಪತ್ರರಂಧ್ರಗಳು ತೆರೆದೇ ಇರುತ್ತವೆ, ದ್ಯುತಿಸಂಶ್ಲೇಷಣೆ ನಡೆದೇ ಇರುತ್ತದೆ, ಎಲೆಯ ಬಣ್ಣವೂ ಹಸಿರೇ ಇರುತ್ತದೆ. ಬದುವಿನ ಮೇಲೆ ನಿಂತು ನೋಡಿದವರಿಗೆ ಬೆಳೆ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಹೊಲದೊಳಗೆ ಇಳಿದು ಆರನೆಯ ಗರಿಯನ್ನೂ ಎಂಟನೆಯ ಗರಿಯನ್ನೂ ಬೆರಳಿನಿಂದ ಅಳೆದವರಿಗೆ ಮಾತ್ರ, ದೊಡ್ಡದಾಗಿರಬೇಕಾಗಿದ್ದ ಮೇಲಿನ ಗರಿ ಕೆಳಗಿನದಕ್ಕಿಂತ ಕಿರಿದಾಗಿರುವುದು ಗೊತ್ತಾಗುತ್ತದೆ. ಅದರ ನಂತರ ಗರಿ ಸುತ್ತಿಕೊಳ್ಳುವುದು ಅಥವಾ ಬಿಸಿಲಿಗೆ ಓರೆಯಾಗುವುದು, ಆಮೇಲೆ ಪತ್ರರಂಧ್ರ ಮುಚ್ಚಿ ಹಿಡಿದ ಬೆಳಕೂ ತೂಕವಾಗದೆ ವ್ಯರ್ಥವಾಗುವುದು, ಕೊನೆಗೆ ಕೆಳಗಿನ ಎಲೆಗಳು ಒಣಗಿ ಉದುರುವುದು. ಒಣಗಿದ ಎಲೆ ಕಾಣುವಷ್ಟರಲ್ಲಿ ಬರ ಎಷ್ಟೋ ದಿನಗಳ ಕೆಲಸವನ್ನು ಆಗಲೇ ಮುಗಿಸಿರುತ್ತದೆ.

ಎಲೆ ಕಡಿಮೆಯಾದರೆ ಬೆಳಕು ಎಷ್ಟು ತಪ್ಪುತ್ತದೆ ಎಂಬುದಕ್ಕೆ ಒಂದು ನಿಯಮವಿದೆ. ಜಪಾನಿನ ಮೊನ್ಸಿ ಮತ್ತು ಸಾಯೆಕಿ ಎಂಬ ಇಬ್ಬರು 1953ರಲ್ಲಿ ಅದನ್ನು ಮಂಡಿಸಿದರು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಚದರ ಮೀಟರ್ ಎಲೆ ಇದ್ದರೆ, ಜೋಳದಂತೆ ಓರೆಯಾಗಿ ನಿಲ್ಲುವ ಎಲೆಗಳು ಬಿದ್ದ ಬೆಳಕಿನಲ್ಲಿ ಸುಮಾರು ಶೇ. 39ರಷ್ಟನ್ನು ಹಿಡಿಯುತ್ತವೆ, ಎಲೆ ಎರಡು ಪಟ್ಟಾದರೆ ಶೇ. 63, ಮೂರು ಪಟ್ಟಾದರೆ ಶೇ. 78, ನಾಲ್ಕು ಪಟ್ಟಾದರೆ ಶೇ. 86. ದಟ್ಟವಾದ ನೀರಾವರಿ ಬೆಳೆ ಅರ್ಧ ಎಲೆ ಕಳೆದುಕೊಂಡರೂ ಅದರ ಬೆಳಕು ಶೇ. 86ರಿಂದ 63ಕ್ಕೆ ಇಳಿಯುತ್ತದೆ, ಅಂದರೆ ಕಾಲುಭಾಗದಷ್ಟು ಹೋಗುತ್ತದೆ. ಮೊದಲೇ ತೆಳ್ಳಗಿರುವ ಒಣಬೇಸಾಯದ ಬೆಳೆ ಅರ್ಧ ಎಲೆ ಕಳೆದುಕೊಂಡರೆ ಬೆಳಕು ಶೇ. 39ರಿಂದ 22ಕ್ಕೆ ಇಳಿದು, ಇದ್ದುದರಲ್ಲಿ ಹತ್ತಿರ ಹತ್ತಿರ ಅರ್ಧವೇ ಹೋಗುತ್ತದೆ. ಬಡವನ ಜೇಬಿನಿಂದ ಹತ್ತು ರೂಪಾಯಿ ಬಿದ್ದ ಹಾಗೆ ಇದು.

ಹಾಗಾದರೆ ಎಲೆ ಹೆಚ್ಚು ಇದ್ದಷ್ಟೂ ಒಳ್ಳೆಯದೇ?

ಇಲ್ಲಿಯೇ ನಮ್ಮ ಎರೆಯ ಲೆಕ್ಕ ತಿರುಗುತ್ತದೆ, ಮತ್ತು ಬಹಳ ಜನ ಇಲ್ಲಿಯೇ ಎಡವುತ್ತಾರೆ. ಬೆಳಕು ಹಿಡಿಯುವ ಎಲೆಯೇ ನೀರನ್ನು ಆವಿಯಾಗಿಸುವ ಎಲೆಯೂ ಹೌದು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಹಿಂಗಾರಿ ಬೆಳೆ ನಿಂತಿರುವುದು ಬಿತ್ತಿದ ಮೇಲೆ ಬರುವ ಮಳೆಯ ಮೇಲಲ್ಲ, ಬಿತ್ತುವ ಮೊದಲೇ ಮಣ್ಣು ಕುಡಿದಿಟ್ಟ ಹಸಿಯ ಮೇಲೆ. ಆಳವಾದ ಎರೆ ಒಂದು ಮೀಟರ್ ಆಳದವರೆಗೆ ಚೆನ್ನಾಗಿ ನೆನೆದಿದ್ದರೆ ಬೆಳೆಗೆ ಸಿಗುವ ನೀರು ಸುಮಾರು 160 ಮಿ.ಮೀ. ಎಂದು ಇಟ್ಟುಕೊಳ್ಳೋಣ. ನೆಲವನ್ನು ಪೂರ್ತಿ ಮುಚ್ಚಿದ ಬೆಳೆ ಈ ಹವೆಯಲ್ಲಿ ದಿನಕ್ಕೆ 4 ಮಿ.ಮೀ. ನೀರು ಖರ್ಚು ಮಾಡುತ್ತದೆ, ಅಂದರೆ ಎಕರೆಗೆ ಸುಮಾರು 16 ಸಾವಿರ ಲೀಟರ್. ಆ ಲೆಕ್ಕದಲ್ಲಿ ಮಣ್ಣಿನ ಗಂಟು 40 ದಿನಕ್ಕೆ ಖಾಲಿ. ನೆಲದ ಶೇ. 40ರಷ್ಟನ್ನು ಮಾತ್ರ ಮುಚ್ಚಿದ ಬೆಳೆ ದಿನಕ್ಕೆ 1.6 ಮಿ.ಮೀ. ಖರ್ಚು ಮಾಡಿ ಅದೇ ನೀರಿನಲ್ಲಿ 100 ದಿನ ಬದುಕುತ್ತದೆ. ಮಣ್ಣಿನಿಂದ ನೇರವಾಗಿ ಆರುವ ನೀರನ್ನು ಇಲ್ಲಿ ಸೇರಿಸಿಲ್ಲವಾದರೂ, ನಮ್ಮ ಒಣಭೂಮಿಯ ಬೆಳೆ ಏಕೆ ಸಾಲಿನ ನಡುವೆ ನೆಲ ಕಾಣುವಂತೆಯೇ ಇರಬೇಕು ಎಂಬುದು ಇದರಿಂದ ತಿಳಿಯುತ್ತದೆ.

1930ರ ದಶಕದಲ್ಲಿ ವಿಜಯಪುರದಲ್ಲಿಯೂ ಸೊಲ್ಲಾಪುರದಲ್ಲಿಯೂ ಒಣಬೇಸಾಯದ ಸಂಶೋಧನೆ ಆರಂಭವಾದಾಗ ರೂಪುಗೊಂಡ ಮುಂಬಯಿ ಪದ್ಧತಿಯು ಒಡ್ಡು ಹಾಕುವುದು, ಸಾಲನ್ನು ಅಗಲಿಸುವುದು, ಬೀಜವನ್ನು ಕಡಿಮೆ ಮಾಡುವುದು, ಎಡೆ ಹೊಡೆಯುವುದು ಎಂಬ ನಾಲ್ಕು ಮಾತುಗಳನ್ನು ಒತ್ತಿ ಹೇಳಿದ್ದು ಇದೇ ಕಾರಣಕ್ಕೆ. ನಾನು ಒಮ್ಮೆ ಈ ಬುದ್ಧಿಯನ್ನು ಮೀರಿ ಹೆಚ್ಚು ಬೀಜ ಸುರಿದು ಜೋಳ ಬಿತ್ತಿದ್ದೆ. ದೀಪಾವಳಿಗೆ ಆ ಹೊಲದಷ್ಟು ಹಸಿರು ಸೀಮೆಯಲ್ಲಿ ಬೇರೆ ಇರಲಿಲ್ಲ, ಬಂದವರೆಲ್ಲ ಹೊಗಳಿ ಹೋದರು. ಎಳ್ಳಮಾಸೆಗೆ, ಅಂದರೆ ಡಿಸೆಂಬರ್ ಜನವರಿಯ ಹೊತ್ತಿನ ಅಮಾವಾಸ್ಯೆಗೆ, ಹೊಲದಲ್ಲಿ ಚರಗದ ನೈವೇದ್ಯ ಚೆಲ್ಲಲು ಹೋದಾಗ ತೆನೆ ಹೊರಬಂದಿತ್ತು, ಅದರ ಕೆಳಗೆ ಹಸಿರು ಗರಿಗಳು ಎರಡೋ ಮೂರೋ ಉಳಿದಿದ್ದವು, ಕಾಳು ಹಾಲಿನ ಹಂತದಲ್ಲಿಯೇ ಸೊರಗಲು ತೊಡಗಿತ್ತು. ಬೆಳಕನ್ನು ಮೊದಲೇ ಹಿಡಿದು ನೀರನ್ನು ಮೊದಲೇ ಮುಗಿಸಿದ ಬೆಳೆಯ ಕಥೆ ಅದು.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಾಳಿ ಒಣಗಿದಷ್ಟೂ ಒಂದು ಹನಿ ನೀರಿಗೆ ಸಿಗುವ ಬೆಳವಣಿಗೆ ಕಡಿಮೆ. ಅಕ್ಟೋಬರ್‌ನಲ್ಲಿ ಗಾಳಿಯಲ್ಲಿ ಇನ್ನೂ ತೇವವಿರುತ್ತದೆ. ಫೆಬ್ರವರಿಯ ಮಧ್ಯಾಹ್ನದ ಗಾಳಿ ಎಲೆಯಿಂದ ನೀರನ್ನು ಹೀರಿಕೊಂಡೇ ಹೋಗುತ್ತದೆ. ಹೀಗಾಗಿ ನೀರನ್ನೆಲ್ಲ ಕೊನೆಗೆಂದು ಕೂಡಿಡುವುದೂ ನಷ್ಟವೇ. ಒಳ್ಳೆಯ ಹಿಂಗಾರಿ ಬೆಳೆಯೆಂದರೆ ಹೂವಿನವರೆಗೆ ಬೇಕಾದಷ್ಟೇ ಎಲೆ ಹರಡಿ, ಹೂವಿನ ನಂತರ ಆ ಎಲೆಯನ್ನು ಹಸಿರಾಗಿ ಉಳಿಸಿಕೊಂಡು, ಬೇಸಿಗೆ ಕಣ್ಣು ಬಿಡುವ ಮುಂಚೆ ಕಾಳು ಕಟ್ಟಿ ಮುಗಿಸುವ ಬೆಳೆ. ಮೂರನ್ನೂ ಈ ಒಂದು ಅಳತೆಗೋಲಿನಿಂದ ನೋಡೋಣ.

ಬಿಳಿಜೋಳ

ಬಿಸಿಲನ್ನು ತೂಕವಾಗಿಸುವುದರಲ್ಲಿ ಮೂರರಲ್ಲಿ ಜೋಳಕ್ಕೆ ಸಾಟಿಯಿಲ್ಲ. ಕಬ್ಬು, ಸಜ್ಜೆ, ಮೆಕ್ಕೆಜೋಳಗಳಂತೆ ಇದು ಸಿ-4 ಗುಂಪಿನ ಸಸ್ಯ. ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಒತ್ತಿ ಕೂಡಿಡುವ ವ್ಯವಸ್ಥೆ ಇದಕ್ಕಿರುವುದರಿಂದ ಸೆಕೆಯಲ್ಲಿ ಉಳಿದ ಬೆಳೆಗಳಿಗೆ ಆಗುವ ಇಂಗಾಲದ ಸೋರಿಕೆ ಇದಕ್ಕೆ ಆಗುವುದಿಲ್ಲ. ಅದೇ ಒಣಗಾಳಿಯಲ್ಲಿ, ಅಷ್ಟೇ ನೀರಿಗೆ, ಕಡಲೆ ಕುಸುಬೆಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಒಣತೂಕವನ್ನು ಜೋಳ ಕಟ್ಟಬಲ್ಲದು. 45 ಸೆಂ.ಮೀ. ಸಾಲು, ಸಾಲಿನಲ್ಲಿ 15 ಸೆಂ.ಮೀ. ಅಂತರ ಎಂಬ ಶಿಫಾರಸನ್ನು ಪಾಲಿಸಿದರೆ ಚದರ ಮೀಟರಿಗೆ 15 ಗಿಡಗಳು ನಿಲ್ಲುತ್ತವೆ. ಅದಕ್ಕಿಂತ ಒತ್ತಾಗಿ ಹುಟ್ಟಿದ್ದರೆ ಮೂರು ವಾರದೊಳಗೆ ಸಸಿ ಕಿತ್ತು ತೆಳುವು ಮಾಡಲೇಬೇಕು.

ಬರವನ್ನು ಜೋಳ ಎದುರಿಸುವ ಬಗೆಯನ್ನು ಹತ್ತಿರದಿಂದ ನೋಡಬೇಕು. ನವೆಂಬರಿನ ಒಂದು ಮಧ್ಯಾಹ್ನ ಹೊಲಕ್ಕೆ ಹೋದರೆ ಗರಿಗಳು ಉದ್ದುದ್ದಕ್ಕೆ ಸುರುಳಿಯಾಗಿ ಕೊಳವೆಯಂತೆ ನಿಂತಿರುತ್ತವೆ; ದಂಟಿನ ಮೇಲೆ, ಗರಿಯ ಬುಡದಲ್ಲಿ ಬೆರಳಾಡಿಸಿದರೆ ಬೂದಿಯಂಥ ಬಿಳಿ ಮೇಣ ಅಂಟುತ್ತದೆ. ಸುತ್ತಿಕೊಂಡ ಗರಿ ಆ ಹೊತ್ತಿನ ಬೆಳಕನ್ನು ಬೇಕೆಂದೇ ಬಿಟ್ಟುಕೊಡುತ್ತಿದೆ, ಮೇಣ ನೀರಿನ ಸೋರಿಕೆಯನ್ನು ತಡೆಯುತ್ತಿದೆ. ಸಂಜೆ ಐದರ ಮೇಲೆ ಅದೇ ಗರಿ ಬಿಚ್ಚಿಕೊಂಡಿದ್ದರೆ ಗಾಬರಿಪಡುವ ಕಾರಣವಿಲ್ಲ. ಬೆಳಗಿನ ಹತ್ತಕ್ಕೇ ಸುತ್ತಿಕೊಂಡು, ಮರುದಿನ ನಸುಕಿನಲ್ಲಿಯೂ ಬಿಚ್ಚದಿದ್ದರೆ ಬೇರಿನ ಆಳದ ಹಸಿ ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು.

ಜೋಳದ ಅಪಾಯವಿರುವುದು ಹೂವಿನ ನಂತರ. ಹೊಡೆ ಹಾಯುವವರೆಗಿನ, ಅಂದರೆ ತೆನೆ ಹೊರಬರುವವರೆಗಿನ, ಬರವನ್ನು ಅದು ಬೆಳವಣಿಗೆ ನಿಲ್ಲಿಸಿ ತಾಳಿಕೊಳ್ಳುತ್ತದೆ, ಮಳೆ ಬಂದರೆ ಮತ್ತೆ ಎದ್ದು ನಿಲ್ಲುತ್ತದೆ. ಕಾಳು ತುಂಬುವಾಗ ಹಸಿ ತೀರಿದರೆ ಮೇಲಿನ ಗರಿಗಳೂ ಒಣಗಿ, ದಂಟಿನಲ್ಲಿ ಕೂಡಿಟ್ಟಿದ್ದ ಸಕ್ಕರೆಯನ್ನು ತೆನೆ ಎಳೆದುಕೊಳ್ಳುತ್ತದೆ; ಬಡವಾದ ದಂಟಿನೊಳಗೆ ಇದ್ದಿಲಿನಂಥ ಕರಿ ಪುಡಿ ತುಂಬುವ ಕೊಳೆ ರೋಗ ಸೇರಿಕೊಂಡು ಬೆಳೆ ನೆಲಕ್ಕೆ ಬೀಳುತ್ತದೆ. ಇದಕ್ಕೆ ತಳಿಯ ಆಯ್ಕೆ ಬಹಳ ಮುಖ್ಯ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಎಂ 35-1, ಅಂದರೆ ನಾವು ಮಾಲದಂಡಿ ಎನ್ನುವ ಜೋಳ, ಇಷ್ಟು ವರ್ಷಗಳ ನಂತರವೂ ಹೊಲದಿಂದ ಹೋಗದಿರುವುದಕ್ಕೆ ರೊಟ್ಟಿಯ ರುಚಿಯೊಂದೇ ಕಾರಣವಲ್ಲ. ಚಳಿಯನ್ನೂ ಕೊನೆಯ ಬರವನ್ನೂ ಅದು ತಾಳುತ್ತದೆ. ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44 ತಳಿಯೂ ಆಳದ ಎರೆಗೆ ಪರಿಗಣಿಸತಕ್ಕದ್ದು. ಯಾವ ತಳಿಯೇ ಆಗಲಿ, ಎಳ್ಳಮಾಸೆಯ ಹೊತ್ತಿಗೆ ತೆನೆಯ ಕೆಳಗೆ ಎಷ್ಟು ಗರಿ ಹಸಿರಾಗಿವೆ ಎಂದು ಎಣಿಸುವುದನ್ನು ರೂಢಿಸಿಕೊಳ್ಳಿ. ಬೆಳೆಯ ಎತ್ತರವನ್ನಾಗಲಿ ದಟ್ಟಣೆಯನ್ನಾಗಲಿ ನೋಡುವುದಕ್ಕಿಂತ ಆ ಒಂದು ಎಣಿಕೆ ಹೆಚ್ಚು ಹೇಳುತ್ತದೆ.

ಜೋಳದ ಪರವಾಗಿ ಇನ್ನೊಂದು ಮಾತು. ಹೂವಿನ ಮೊದಲು ಹಿಡಿದ ಬೆಳಕು ಕಾಳಾಗದಿದ್ದರೂ ಕಣಿಕೆಯಾಗಿ, ಅಂದರೆ ಒಣಮೇವಾಗಿ, ಉಳಿಯುತ್ತದೆ. ತೆನೆ ಕೈಕೊಟ್ಟ ವರ್ಷವೂ ಬಣವೆ ನಿಲ್ಲುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿದಾಗ, ಎತ್ತು ಎಮ್ಮೆ ಇದ್ದ ಮನೆಯವರಿಗೆ ಕಣಿಕೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಡಲೆ

ಕಡಲೆಯ ನಡತೆ ಜೋಳಕ್ಕೆ ತದ್ವಿರುದ್ಧ. ಜೋಳ ತಾಳುತ್ತದೆ, ಕಡಲೆ ತಪ್ಪಿಸಿಕೊಳ್ಳುತ್ತದೆ. ಜೆಜಿ-11 ಅಥವಾ ಅಣ್ಣಿಗೇರಿ-1ರಂಥ ತಳಿ ಸುಮಾರು ನಲವತ್ತು ದಿನಕ್ಕೆ ಹೂವಾಡಿ ನೂರು ದಿನದೊಳಗೆ ಕೊಯ್ಲಿಗೆ ಬರುತ್ತದೆ. ಹಸಿ ತೀರುವ ಮುಂಚೆ ಕೆಲಸ ಮುಗಿಸುವುದೇ ಅದರ ಜಾಣತನ. ಎಲೆಯೆಂದರೆ ಚಿಕ್ಕ ಚಿಕ್ಕ ದಳಗಳ ಸಾಲು; ಇಂಥ ಸಣ್ಣ ದಳ ಗಾಳಿಗೆ ಬೇಗ ತಣಿಯುತ್ತದೆ, ನೀರು ಸುರಿಸದೆಯೂ ಕಾವನ್ನು ಕಳೆದುಕೊಳ್ಳುತ್ತದೆ. 30 ಸೆಂ.ಮೀ. ಸಾಲಿನಲ್ಲಿ 10 ಸೆಂ.ಮೀ.ಗೆ ಒಂದರಂತೆ ಚದರ ಮೀಟರಿಗೆ 33 ಗಿಡ ನಿಲ್ಲಿಸುವುದಕ್ಕೂ ಕಾರಣವಿದೆ. ಗಿಡವೊಂದರ ಹರವು ಕಿರಿದು, ಆಯುಷ್ಯವೂ ಕಿರಿದು, ಆದ್ದರಿಂದ ಸಾಲು ಹತ್ತಿರವಿದ್ದರೆ ಮಾತ್ರ ಅದು ಬೇಗ ನೆಲ ಮುಚ್ಚಿ ಅಕ್ಟೋಬರ್ ನವೆಂಬರ್‌ನ, ನೀರಿನ ಲೆಕ್ಕದಲ್ಲಿ ಅಗ್ಗವಾದ ಬೆಳಕನ್ನು ಹಿಡಿದೀತು.

ಆದರೆ ಹಿಡಿದ ಬೆಳಕನ್ನು ತೂಕವಾಗಿಸುವುದರಲ್ಲಿ ಕಡಲೆ ಜೋಳಕ್ಕಿಂತ ಹಿಂದೆ. ಇಂಗಾಲವನ್ನು ಹಾಗೆ ಕೂಡಿಡುವ ವ್ಯವಸ್ಥೆಯಿಲ್ಲದ ಸಿ-3 ಸಸ್ಯವಾದ್ದರಿಂದ ಸೆಕೆಯಲ್ಲಿ ಸೋರಿಕೆ ಹೆಚ್ಚು. ಕಾಳಿನಲ್ಲಿ ಪ್ರೋಟೀನ್ ಕಟ್ಟಲು ಹಿಟ್ಟು ಕಟ್ಟುವುದಕ್ಕಿಂತ ಹೆಚ್ಚು ಸಕ್ಕರೆ ಸುಡಬೇಕು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಕೆಲಸಕ್ಕೂ ಅದೇ ಸಕ್ಕರೆ ಬೇಕು, ಮತ್ತು ಮಣ್ಣು ಆರಿದೊಡನೆ ಆ ಕೆಲಸ ನಿಧಾನವಾಗುತ್ತದೆ. ಹೀಗೆ ಕಿಲೊ ಲೆಕ್ಕದಲ್ಲಿ ಕಡಲೆ ಜೋಳವನ್ನು ಮುಟ್ಟಲಾರದು, ದರದ ಲೆಕ್ಕದಲ್ಲಿ ಮುಟ್ಟಬಲ್ಲದು. 2024-25ರಲ್ಲಿ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3421 ರೂಪಾಯಿ ಬೆಂಬಲ ಬೆಲೆಯಿದ್ದರೆ, 2025-26ರ ಹಿಂಗಾರಿ ಮಾರಾಟಕ್ಕೆ ಕಡಲೆಗೆ 5650 ಮತ್ತು ಕುಸುಬೆಗೆ 5940 ರೂಪಾಯಿ ಇದ್ದುದನ್ನು ಈ ದೃಷ್ಟಿಯಿಂದಲೇ ಓದಬೇಕು. ಪೇಟೆಯಲ್ಲಿ ಕಾಣುವ ಅಂತರದ ಒಂದು ಭಾಗ ಗಿಡ ಆ ಕಾಳಿಗಾಗಿ ಮಾಡಿದ ಹೆಚ್ಚಿನ ಖರ್ಚೇ ಆಗಿದೆ.

ಕಡಲೆ ಸೋಲುವುದು ತಡವಾಗಿ ಬಿತ್ತಿದಾಗ. ಚಿತ್ತಿ ಮಳೆ ದಾಟಿ ನವೆಂಬರಿಗೆ ಬಿತ್ತನೆ ಜಾರಿದರೆ, ಗಿಡ ಹರಡುವ ಮೊದಲೇ ಮೇಲ್ಮಣ್ಣು ಆರಿರುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಫೆಬ್ರವರಿಯ ಸೆಕೆ ಬಂದು ಹೂವು ಉದುರುತ್ತದೆ. ಕುಡಿ ಚಿವುಟುವುದರ ಬಗ್ಗೆಯೂ ಇಲ್ಲಿ ಹೇಳಬೇಕು. ತಿಂಗಳ ಬೆಳೆಯ ಕುಡಿ ಚಿವುಟಿದರೆ ಪಲ್ಯಕ್ಕೆ ಸೊಪ್ಪೂ ಆಯಿತು, ಗಿಡಕ್ಕೆ ಕವಲೂ ಆಯಿತು ಎಂಬುದು ನಿಜ, ಆದರೆ ಅದು ಹಸಿ ಚೆನ್ನಾಗಿರುವ ವರ್ಷದ ಮಾತು. ಹಸಿ ಕಡಿಮೆಯಿರುವ ವರ್ಷ ಗಿಡದ ಮೇಲಿರುವ ಎಲೆಯೇ ಕಡಿಮೆ. ಅದನ್ನೂ ಚಿವುಟಿದರೆ ಕವಲೊಡೆಯಲು ಬೇಕಾದ ಬೆಳಕು ಎಲ್ಲಿಂದ ಬರಬೇಕು?

ಕುಸುಬೆ

ಮೂರರಲ್ಲಿ ಅತಿ ನಿಧಾನದ್ದು ಕುಸುಬೆ. ಮೊಳೆತ ಮೇಲೆ ಮೊದಲ ತಿಂಗಳು ಎಲೆಗಳನ್ನು ನೆಲಕ್ಕೆ ಅಂಟಿದ ಚಕ್ರದಂತೆ ಹರಡಿಕೊಂಡು ಕುಳಿತಿರುತ್ತದೆ. 60 ಸೆಂ.ಮೀ. ಸಾಲಿನ ನಡುವೆ ಆಗ ಬರೀ ಮಣ್ಣೇ ಕಾಣುವುದರಿಂದ ಹೊಸದಾಗಿ ಬಿತ್ತಿದವರಿಗೆ ಬೆಳೆ ಕೆಟ್ಟಿತೆಂಬ ಭ್ರಮೆಯಾಗುತ್ತದೆ. ಆ ತಿಂಗಳು ಅದು ಬೆಳಕನ್ನು ಕಳೆದುಕೊಳ್ಳುತ್ತಿರುವುದು ಸತ್ಯ, ಆದರೆ ಆ ಕಾಲದಲ್ಲಿ ಬೇರು ಕೆಳಗೆ ಇಳಿಯುತ್ತಿರುತ್ತದೆ. ಮಣ್ಣು ಬಿಟ್ಟುಕೊಟ್ಟರೆ ಎರಡು ಮೀಟರ್ ಆಳಕ್ಕೂ ಹೋಗಬಲ್ಲ ಆ ತಾಯಿಬೇರು, ಜೋಳ ಕಡಲೆಗಳ ಬೇರು ಮುಟ್ಟದ ಹಸಿಯನ್ನು ಜನವರಿಯಲ್ಲಿ ಮೇಲೆತ್ತುತ್ತದೆ. ಉಳಿದೆರಡು ಬೆಳೆ ಬಾಡುವಾಗ ಕುಸುಬೆ ಹಸಿರಾಗಿ ನಿಂತಿರುವುದರ ಗುಟ್ಟು ಇದು. ಆದರೆ ಆ ಹಸಿಯನ್ನು ಅದು ಖರ್ಚು ಮಾಡುವುದು ವರ್ಷದ ಅತಿ ಒಣಗಾಳಿಯಲ್ಲಿ, ಅದೂ ಸಕ್ಕರೆಯನ್ನು ಅತಿ ಹೆಚ್ಚು ಬೇಡುವ ಎಣ್ಣೆಯನ್ನು ಕಟ್ಟಲು. ಆದ್ದರಿಂದ ಕುಸುಬೆ ಆಳವಿರುವ ಎರೆಗೆ ಮಾತ್ರ ಸರಿ. ಸಸ್ಯಹೇನಿನ ಕಾಟ, ಮುಳ್ಳಿಗೆ ಹೆದರಿ ಕೊಯ್ಲಿಗೆ ಆಳು ಬಾರದಿರುವುದು ಇವೆರಡೂ ಇದ್ದೇ ಇವೆ.

ನನ್ನ ಮಟ್ಟಿಗೆ ಕುಸುಬೆಯ ಸರಿಯಾದ ಜಾಗ ಅಕ್ಕಡಿ ಸಾಲು. ಕಡಲೆಯ ಕೆಲವು ಸಾಲಿಗೆ ಒಂದೆರಡು ಸಾಲು ಕುಸುಬೆ ಹಾಕಿದರೆ, ಕಡಲೆ ಮೊದಲು ಬೆಳಕು ಹಿಡಿದು ಮೇಲಿನ ಹಸಿಯಲ್ಲಿ ತನ್ನ ಕೆಲಸ ಮುಗಿಸುತ್ತದೆ, ಕುಸುಬೆ ಆಮೇಲೆ ಎದ್ದು ಕಡಲೆ ಬಿಟ್ಟುಕೊಟ್ಟ ಬೆಳಕನ್ನೂ ಕೆಳಗಿನ ಹಸಿಯನ್ನೂ ಬಳಸುತ್ತದೆ. ಇಬ್ಬರ ಊಟದ ಹೊತ್ತು ಬೇರೆಯಾದ್ದರಿಂದ ಒಂದೇ ಒಲೆ ಸಾಕಾಗುತ್ತದೆ. ಹಿರಿಯರು ಇದನ್ನು ಬೆಳಕಿನ ಲೆಕ್ಕದಿಂದ ಕಲಿತವರಲ್ಲವಾದರೂ ಲೆಕ್ಕ ಅವರ ಪರವಾಗಿಯೇ ಬರುತ್ತದೆ.

ಸೂರ್ಯಕಾಂತಿಯನ್ನು ಈ ಸಾಲಿಗೆ ಸೇರಿಸುವವರಿಗೆ ಒಂದು ಎಚ್ಚರಿಕೆ. ಅದರ ಅಗಲವಾದ, ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುವ ಎಲೆಗಳು ಚದರ ಮೀಟರಿಗೆ ಒಂದು ಚದರ ಮೀಟರ್ ಇದ್ದರೇ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಹಿಡಿಯುತ್ತವೆ. ನೀರು ಕೊಡುವ ಅನುಕೂಲವಿದ್ದರೆ ಇದು ವರ, ಬರೀ ಹಸಿಯ ಮೇಲೆ ನಿಂತ ಹೊಲದಲ್ಲಿ ಅಷ್ಟೇ ಬೇಗ ನೀರು ಮುಗಿಸುವ ದಾರಿ. ತೊಗರಿ ಮುಂಗಾರಿಗೇ ನೆಲ ಹಿಡಿದು ಜನವರಿಯವರೆಗೆ ನಿಲ್ಲುವ ಬೆಳೆಯಾದ್ದರಿಂದ ಅದರ ಲೆಕ್ಕವೇ ಬೇರೆ. ಮಧ್ಯಾಹ್ನದ ಬಿಸಿಲಿಗೆ ಎಲೆಯ ಅಂಚನ್ನು ಒಡ್ಡಿ ಮುಖ ತಪ್ಪಿಸಿಕೊಳ್ಳುವ ಅದರ ವಿದ್ಯೆ ಮಾತ್ರ ನೋಡತಕ್ಕದ್ದು.

ನೆರಳು ಅಳೆಯುವ ಕೋಲು

ಬೆಳೆ ಎಷ್ಟು ಬೆಳಕು ಹಿಡಿಯುತ್ತಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. 90 ಸೆಂ.ಮೀ. ಉದ್ದದ ಒಂದು ನೇರವಾದ ಕೋಲಿಗೆ ಸುಣ್ಣ ಬಳಿದು ಸೆಂಟಿಮೀಟರಿನ ಗೆರೆ ಎಳೆಯಿರಿ. ಈ ಅಳತೆಗೆ ಕಾರಣವಿದೆ: ಜೋಳದ ಎರಡು ಸಾಲಿಗೂ ಕಡಲೆಯ ಮೂರು ಸಾಲಿಗೂ 90 ಸೆಂ.ಮೀ. ಸರಿಹೊಂದುತ್ತದೆ, ಕುಸುಬೆಯಾದರೆ ಒಂದರ ಮುಂದೊಂದರಂತೆ ಎರಡು ಸಲ ಇಟ್ಟರೆ ಮೂರು ಸಾಲಾಗುತ್ತದೆ. ಮೋಡವಿಲ್ಲದ ದಿನ, ಮಧ್ಯಾಹ್ನ 12ರಿಂದ 1ರೊಳಗೆ, ಕೋಲನ್ನು ಸಾಲಿಗೆ ಅಡ್ಡವಾಗಿ ನೆಲದ ಮೇಲಿಟ್ಟು ಅದರ ಮೇಲೆ ಎಷ್ಟು ಸೆಂಟಿಮೀಟರ್ ನೆರಳು ಬಿದ್ದಿದೆ ಎಂದು ಎಣಿಸಿ. ಹೊಲದ ಹತ್ತು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. 90ರಲ್ಲಿ 36 ಸೆಂ.ಮೀ. ನೆರಳಿದ್ದರೆ ಬೆಳೆ ಆ ಹೊತ್ತಿನ ಬೆಳಕಿನಲ್ಲಿ ಸುಮಾರು ಶೇ. 40ರಷ್ಟನ್ನು ಹಿಡಿಯುತ್ತಿದೆ ಎಂದರ್ಥ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಪೂರ್ವ ಪಶ್ಚಿಮವಾಗಿ ಸಾಲು ಹಿಡಿದ ಹೊಲದಲ್ಲಿ ನೆರಳು ಸಾಲಿನ ನಡುವಿಗೆ ಚಾಚಿ ಲೆಕ್ಕ ಹೆಚ್ಚು ಬರುತ್ತದೆ. ಎರಡು ಹೊಲಗಳನ್ನು ಹೋಲಿಸುವಾಗ ಸಾಲಿನ ದಿಕ್ಕು ಒಂದೇ ಇರಲಿ.

ಒಮ್ಮೆ ಎಣಿಸಿದರೆ ಹೆಚ್ಚೇನೂ ತಿಳಿಯದು. ವಾರಕ್ಕೊಮ್ಮೆ ಎಣಿಸಿ ಬರೆದಿಟ್ಟರೆ ಬರ ಎಲೆಗೆ ಕೈ ಹಾಕಿದ ವಾರ ಯಾವುದೆಂದು ಕಾಗದದ ಮೇಲೆ ಕಾಣುತ್ತದೆ. ನೆರಳು ಏರುತ್ತಿದ್ದದ್ದು ಹೂವಿನ ಮೊದಲೇ ನಿಂತರೆ ಹೊಸ ಎಲೆ ಅಗಲವಾಗುತ್ತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಗಲವಾಗಿ ಹರಡಿದ್ದ ಗರಿ ಮಧ್ಯಾಹ್ನ ತೆಳು ಗೆರೆಯಂಥ ನೆರಳು ಬೀಳಿಸುತ್ತಿದ್ದರೆ ಸುರುಳಿ ಸುತ್ತಿದೆ. ಹೂವಿನ ನಂತರ ನೆರಳು ವಾರ ವಾರಕ್ಕೂ ಬೇಗ ಇಳಿದರೆ ಕೆಳಗಿನ ಎಲೆಗಳು ಹೋಗುತ್ತಿವೆ.

ಯಾವ ಹೊಲಕ್ಕೆ ಯಾವುದು

ಬಿತ್ತುವ ಮೊದಲು ಹಾರೆಯಿಂದ ಒಂದು ಗುಂಡಿ ತೋಡಿ ಹಸಿ ಎಷ್ಟು ಆಳಕ್ಕಿದೆ ಎಂದು ನೋಡುವುದು ನನ್ನ ಮೊದಲ ಷರತ್ತು. ಒಂದು ಮೀಟರಿನವರೆಗೆ ಕೈಯಲ್ಲಿ ಹಿಡಿದರೆ ಉಂಡೆಯಾಗುವ ಹಸಿಯಿದ್ದು, ಸೆಪ್ಟೆಂಬರ್ ಕೊನೆಯೊಳಗೆ ಕೂರಿಗೆ ಹೂಡಲು ಸಾಧ್ಯವಿದ್ದು, ಮನೆಯಲ್ಲಿ ದನವಿದ್ದರೆ ಜೋಳವನ್ನು ಬಿಟ್ಟು ಬೇರೆ ಯೋಚಿಸಬೇಡಿ. ಡೋಣಿ ನದಿಯ ಸಾಲಿನ ಎರೆ ಜೋಳಕ್ಕೆ ಹೆಸರಾದದ್ದು ಸುಮ್ಮನೆ ಅಲ್ಲ. ಅದೇ ಆಳದ ಹಸಿಯಿದ್ದು ಬಿತ್ತನೆ ಅಕ್ಟೋಬರಿನ ಮಧ್ಯಕ್ಕೆ ಜಾರಿದರೆ ಜೋಳಕ್ಕೆ ಸುಳಿನೊಣದ ಕಾಟ ಹೆಚ್ಚುತ್ತದೆ, ಸುಳಿ ಸತ್ತ ಗಿಡ ಹಿಡಿಯುವ ಬೆಳಕಾದರೂ ಎಷ್ಟು? ಆಗ ಕುಸುಬೆಯ ಅಕ್ಕಡಿಯೊಡನೆ ಕಡಲೆ ಮೇಲು. ಹಸಿ ಎರಡು ಅಡಿಯವರೆಗೆ ಮಾತ್ರ ಇದ್ದರೆ ಬೇಗ ಮುಗಿಯುವ ಕಡಲೆಯನ್ನು ಬಿಟ್ಟು ಬೇರೆಯದು ಬೇಡ, ಕುಸುಬೆಯ ಬೇರಿಗೆ ಅಲ್ಲಿ ಇಳಿಯಲು ಏನೂ ಇಲ್ಲ. ಒಂದು ಅಡಿಗೇ ಗರಸು ಕಲ್ಲು ಸಿಗುವ ಮಡ್ಡಿ ಹೊಲದಲ್ಲಿ ಹಿಂಗಾರಿಯ ಆಸೆಯನ್ನೇ ಬಿಟ್ಟು, ಮುಂಗಾರಿಯ ಸಜ್ಜೆ ಹುರುಳಿಗಳಿಗೆ ಆ ಹೊಲವನ್ನು ಮೀಸಲಿಡುವುದು ವಿವೇಕ.

ಕೃಷಿಹೊಂಡದಿಂದಲೋ ತುಂಬಿದ ಕೆರೆಯಿಂದಲೋ ಒಂದೇ ಒಂದು ನೀರು ಕೊಡಲು ಸಾಧ್ಯವಿರುವವರು ಅದನ್ನು ಯಾವಾಗ ಕೊಡಬೇಕೆಂಬುದಕ್ಕೂ ಇದೇ ಲೆಕ್ಕ. ಎಳೆಯ ಬೆಳೆಗೆ ಕೊಟ್ಟರೆ ಎಲೆ ಹರಡುತ್ತದೆ, ಆ ಎಲೆಯನ್ನು ಮುಂದೆ ಸಾಕುವ ನೀರು ಇರುವುದಿಲ್ಲ. ಜೋಳಕ್ಕೆ ಹೊಡೆ ತುಂಬುವ ಹೊತ್ತಿಗೆ, ಕಡಲೆಗೆ ಹೂವಿಗೆ ಮುಂಚೆ ಅಥವಾ ಕಾಯಿ ಕಟ್ಟುವಾಗ ಕೊಟ್ಟರೆ ಇದ್ದ ಎಲೆ ಹಸಿರಾಗಿ ಉಳಿದು ಹಿಡಿದ ಬೆಳಕು ಕಾಳಾಗುತ್ತದೆ. ಕಡಲೆಗೆ ಸ್ಪ್ರಿಂಕ್ಲರ್ ಹಚ್ಚಿ ಮತ್ತೆ ಮತ್ತೆ ನೀರು ಹಾರಿಸಿದರೆ ಎರೆಯಲ್ಲಿ ಸೊಪ್ಪು ಬೆಳೆಯುತ್ತದೆಯೇ ಹೊರತು ಕಾಯಿ ಕೂಡುವುದಿಲ್ಲ. ಡೋಣಿ ದಂಡೆಯ ಸವುಳು ನೀರಾದರೆ ಕೊಡದಿರುವುದೇ ಲೇಸು.

ಇಷ್ಟೆಲ್ಲ ನೋಡಿ ಜೋಳ ಬಿತ್ತಿದ ಮೇಲೂ ಮಳೆ ಪೂರ್ತಿ ಕೈಬಿಟ್ಟರೆ ಮಾಡಬಹುದಾದ ಕೆಲಸ ಒಂದಿದೆ. ಎರೆ ಬಿರುಕು ಬಿಡಲು ತೊಡಗಿದೊಡನೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ, ಹೊಡೆ ಹಾಯುವ ಮುಂಚೆಯೇ ಪ್ರತಿ ಮೂರನೆಯ ಸಾಲನ್ನು ಕಿತ್ತು ದನಕ್ಕೆ ಹಾಕುವುದು. ನಿಂತ ಬೆಳೆಯನ್ನು ಕೈಯಾರೆ ಕೀಳುವಾಗ ಮನಸ್ಸು ಒಪ್ಪುವುದಿಲ್ಲ, ಆ ದಿನ ಮನೆಯಲ್ಲಿ ಹಿರಿಯರು ಮಾತು ಬಿಟ್ಟರೂ ಆಶ್ಚರ್ಯವಿಲ್ಲ. ಕೋಲಿನ ಮೇಲೆ ನೆರಳು ಒಮ್ಮೆಗೇ ಮೂರರಲ್ಲೊಂದು ಪಾಲು ಇಳಿಯುತ್ತದೆ, ಉಳಿದ ಎರಡು ಸಾಲುಗಳ ಬೇರಿಗೆ ಖಾಲಿಯಾದ ಸಾಲಿನ ಕೆಳಗಿನ ಹಸಿ ಸಿಗುತ್ತದೆ. ಕಿತ್ತ ಸಾಲು ಹಸಿಮೇವಾಗಿ ಅಂದೇ ಗೋದಲಿ ಸೇರಿರುತ್ತದೆ.